ಹಿಮೆಜಿ ಕೋಟೆ: ತುದಿ ಮುಟ್ಟುವ ಅವಸರ ಬೇಡ

ಜಪಾನಿನ ಕೋಟೆಗಳ ಬಗ್ಗೆ ಕೇಳಿ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಹಿಮೆಜಿಯದೇ ಹೆಸರು. ನಾನು ಇರುವ ಕೋಬೆಯಿಂದ ಅದು ರೈಲಿನಲ್ಲಿ ಮುಕ್ಕಾಲು ಗಂಟೆಯೂ ಆಗದ ದಾರಿ. ಹಳೆಯ ಕಟ್ಟಡಗಳ ದುರಸ್ತಿಯೇ ನನ್ನ ಕೆಲಸವಾದ್ದರಿಂದ ಆ ಕೋಟೆಯ ಮೇಲೆ ನನಗೆ ಪ್ರೀತಿ ಸ್ವಲ್ಪ ಹೆಚ್ಚೇ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಹಿಮೆಜಿಗೆ.

ಮಗ ಒಸಾಕಾದಲ್ಲಿದ್ದಾನೆ. ಅವನ ಮನೆಯ ಹತ್ತಿರವೇ ಒಸಾಕಾ ಕೋಟೆ ಇದೆ, ಹಿಮೆಜಿಗೆ ಯಾಕಮ್ಮ ಅಷ್ಟು ದೂರ ಅಂತಾನೆ. ನೀವೇನು ಹೇಳುತ್ತೀರಿ?
*— ನಿವೃತ್ತ ಶಿಕ್ಷಕಿ, ಶಿವಮೊಗ್ಗ*

ಎರಡನ್ನೂ ನೋಡಿ ಮೇಡಂ. ಆದರೆ ಒಂದೇ ನೋಡಲು ಸಾಧ್ಯ ಅಂತಾದರೆ ಹಿಮೆಜಿಗೇ ಹೋಗಿ. ಒಸಾಕಾದ ಕಂದಕ ಮತ್ತು ಕಲ್ಲಿನ ಗೋಡೆಗಳು ಹಳೆಯವು, ನಿಜಕ್ಕೂ ದೊಡ್ಡವು. ಗೋಪುರ ಮಾತ್ರ 1931ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದ್ದು. ಒಳಗೆ ಲಿಫ್ಟ್ ಇದೆ, ಮ್ಯೂಸಿಯಂ ಇದೆ. ನಗೋಯಾದ ಗೋಪುರ 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಹಿರೊಶಿಮಾದ್ದು ಅಣುಬಾಂಬಿಗೆ ಬಿತ್ತು. ಈಗ ಅಲ್ಲಿ ನಿಂತಿರುವುದು 1950ರ ದಶಕದ ಕಾಂಕ್ರೀಟು. ಹಳೆಯ ಕಾಲದ ಮರದ ಗೋಪುರ ಹಾಗೇ ಉಳಿದಿರುವುದು ಇಡೀ ಜಪಾನಿನಲ್ಲಿ 12 ಕೋಟೆಗಳಲ್ಲಿ ಮಾತ್ರ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಹಿಮೆಜಿ.

ಈಗ ಕಾಣುವ ಗೋಪುರವನ್ನು ಕಟ್ಟಿಸಿದ್ದು ಇಕೆದಾ ತೆರುಮಾಸಾ. ಅವನು ಆಗ ಜಪಾನಿನ ಅಧಿಕಾರ ಹಿಡಿದಿದ್ದ ತೊಕುಗಾವಾ ಇಯೆಯಾಸುವಿನ ಅಳಿಯ. 1601ರಲ್ಲಿ ಶುರುವಾದ ಕೆಲಸ 1609ಕ್ಕೆ ಮುಗಿಯಿತು. ಹೊರಗಿನಿಂದ ಎಣಿಸಿದರೆ ಐದು ಅಂತಸ್ತು. ಒಳಗೆ ಹೋದರೆ ಆರು ಮಹಡಿ, ಅದರ ಕೆಳಗೆ ಇನ್ನೊಂದು ನೆಲಮಾಳಿಗೆ. ಒಸಾಕಾ ನಿಲ್ದಾಣದಿಂದ ಜೆಆರ್ ಕಂಪನಿಯ 'ಶಿನ್‌ಕೈಸೊಕು' ರೈಲು ಹತ್ತಿದರೆ ಸುಮಾರು ಒಂದು ಗಂಟೆ. ಶಿಂಕಾನ್ಸೆನ್ ಎಂಬ ಅತಿವೇಗದ ರೈಲಾದರೆ ಶಿನ್-ಒಸಾಕಾ ನಿಲ್ದಾಣದಿಂದ ಅರ್ಧ ಗಂಟೆ. ಹಿಮೆಜಿ ನಿಲ್ದಾಣದ ಉತ್ತರದ ಬಾಗಿಲಿನಿಂದ ಹೊರಬಂದರೆ ಸಾಕು, ಅಗಲವಾದ ನೇರ ರಸ್ತೆಯ ಕೊನೆಯಲ್ಲಿ ಕೋಟೆ ಕಾಣುತ್ತದೆ. ಕಾಲು ಗಂಟೆ, ಇಪ್ಪತ್ತು ನಿಮಿಷದ ನಡಿಗೆ. ದಾರಿ ಕೇಳುವ ಅಗತ್ಯವೇ ಬೀಳುವುದಿಲ್ಲ.

ಹಿರೊಶಿಮಾದಿಂದ ಕ್ಯೋಟೊಗೆ ಹೋಗುವ ದಾರಿಯಲ್ಲಿ ಹಿಮೆಜಿಯಲ್ಲಿ ಎರಡು ಗಂಟೆ ಇಳಿಯುವ ಪ್ಲಾನ್ ಇದೆ. ಸಾಕಾಗುತ್ತಾ?
*— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು*

ಸಾಕಾಗುವುದಿಲ್ಲ. ನಿಲ್ದಾಣದಿಂದ ಹೋಗಿ ಬರುವುದಕ್ಕೇ ಮುಕ್ಕಾಲು ಗಂಟೆ ಬೇಕು. ಉಳಿದ ಸಮಯದಲ್ಲಿ ಓಡಿಕೊಂಡು ಗೋಪುರದ ತುದಿಗೆ ಹೋಗಿ, ಕಿಟಕಿಯಿಂದ ಒಂದು ಫೋಟೊ ತೆಗೆದು, ಓಡಿಕೊಂಡು ಇಳಿದು ಬರುತ್ತೀರಿ. ನೆನಪಿನಲ್ಲಿ ಉಳಿಯುವುದು ಕಡಿದಾದ ಮೆಟ್ಟಿಲು ಮತ್ತು ಮುಂದಿನವರ ಬೆನ್ನು, ಅಷ್ಟೇ. ಅರ್ಧ ದಿನವನ್ನಾದರೂ ಎತ್ತಿಡಿ.

ಯಾಕೆ ಅಂತ ಹೇಳುತ್ತೇನೆ. ಹಿಮೆಜಿಯಲ್ಲಿ ನೋಡಬೇಕಾದದ್ದು ಗೋಪುರದ ತುದಿಯಲ್ಲಿಲ್ಲ, ಅಲ್ಲಿಗೆ ಹೋಗುವ ದಾರಿಯಲ್ಲಿದೆ. ಟಿಕೆಟ್ ತೋರಿಸಿ ಒಳಗೆ ಬಂದ ಮೇಲೆ ಮೊದಲು ಸಿಗುವುದು ಹಿಶಿ ದ್ವಾರ. ಅಲ್ಲಿಂದ ಮುಂದೆ ಬಾಗಿಲುಗಳಿಗೆ ಹಳೆಯ ಜಪಾನಿ ಅಕ್ಷರಮಾಲೆಯ ಹೆಸರು: ಇ, ರೊ, ಹ, ನಿ, ಹೊ. ಇ, ರೊ ದಾಟಿ ಹ ಬಾಗಿಲಿನ ಕಡೆ ಏರುವಾಗ ಗೋಪುರ ಎದುರಿಗೇ ಇರುತ್ತದೆ. ಇನ್ನೇನು ಬಂದೇಬಿಟ್ಟೆವು ಅನಿಸುತ್ತದೆ. ಅಷ್ಟರಲ್ಲಿ ದಾರಿ ನಿಮ್ಮನ್ನು ಪೂರ್ತಿ ಹಿಂದಕ್ಕೆ ತಿರುಗಿಸುತ್ತದೆ. ಗೋಪುರಕ್ಕೆ ಬೆನ್ನು ಹಾಕಿ ನಡೆಯಬೇಕು. ದಾರಿ ಕಿರಿದಾಗುತ್ತದೆ, ಬಾಗಿಲುಗಳು ತಗ್ಗಾಗುತ್ತವೆ. ಹೊ ಬಾಗಿಲಿಗೆ ಕಬ್ಬಿಣದ ತಗಡು ಹೊಡೆದಿದ್ದಾರೆ. ಅದರಲ್ಲಿ ಒಬ್ಬೊಬ್ಬರೇ ತಲೆ ತಗ್ಗಿಸಿ ನುಸುಳಬೇಕು. ಶತ್ರು ಅಲ್ಲಿಯವರೆಗೂ ಬಂದರೆ ಒಳಗಿನಿಂದ ಮಣ್ಣು ಸುರಿದು ಬಾಗಿಲನ್ನೇ ಹೂತುಬಿಡಬಹುದಿತ್ತು. ಈ ದಾರಿ ಉದ್ದಕ್ಕೂ ಮೇಲಿನವರ ಗುರಿಯ ಕೆಳಗೇ ಇದೆ. ಗೋಡೆಗಳಲ್ಲಿ ಸುಮಾರು ಸಾವಿರ ಕಂಡಿಗಳು ಉಳಿದಿವೆ. ಉದ್ದವಾಗಿರುವುದು ಬಾಣಕ್ಕೆ. ದುಂಡಗೆ, ಮೂರು ಮೂಲೆಯದು, ಚೌಕಾಕಾರದ್ದು ಬಂದೂಕಿಗೆ. ಒಂದು ಕಂಡಿಯ ಹಿಂದೆ ನಿಂತು ಹೊರಗೆ ನೋಡಿ. ನೀವು ಈಗಷ್ಟೇ ನಡೆದು ಬಂದ ದಾರಿ ಕಾಣುತ್ತದೆ. ಕಟ್ಟಿದವರ ತಲೆ ಎಷ್ಟು ಚುರುಕಾಗಿತ್ತು ಎಂದು ಆಗ ಗೊತ್ತಾಗುತ್ತದೆ.

ಕಲ್ಲುಗಳನ್ನೂ ನೋಡುತ್ತಾ ಹೋಗಿ. ಕಟ್ಟುವಾಗ ಕಲ್ಲು ಸಾಲಲಿಲ್ಲ. ಬೀಸುವ ಕಲ್ಲು, ಕಲ್ಲಿನ ದೀಪಸ್ತಂಭ, ಪುರಾತನ ಸಮಾಧಿಗಳ ಕಲ್ಲಿನ ಶವಪೆಟ್ಟಿಗೆ ಎಲ್ಲವನ್ನೂ ತಂದು ಗೋಡೆಗೆ ಸೇರಿಸಿದರು. ಒಂದು ಕಡೆ ಸಣ್ಣದೊಂದು ಬೀಸುವ ಕಲ್ಲಿಗೆ ತಂತಿಯ ಬಲೆ ಹೊದಿಸಿದ್ದಾರೆ. ಅಕ್ಕಿಯ ಸುಟ್ಟ ಕಡುಬು ಮಾರುತ್ತಿದ್ದ ಬಡ ಅಜ್ಜಿ ತನ್ನ ಬೀಸುವ ಕಲ್ಲನ್ನೇ ಕೋಟೆಗೆ ಕೊಟ್ಟಳು, ಅದನ್ನು ಕೇಳಿ ಊರವರೆಲ್ಲ ಕಲ್ಲು ತಂದುಕೊಟ್ಟರು ಎನ್ನುವುದು ಕಥೆ. ಅದು ಇಕೆದಾನಿಗಿಂತ ಮೊದಲು, ಇಲ್ಲಿ ಮೂರು ಅಂತಸ್ತಿನ ಗೋಪುರ ಕಟ್ಟಿಸಿದ ತೊಯೊತೊಮಿ ಹಿದೆಯೊಶಿಯ ಕಾಲದ್ದು. ರಾಜರ ಹೆಸರು ಹೇಳುವ ಕೋಟೆಯಲ್ಲಿ ಒಬ್ಬ ಅಜ್ಜಿಯ ನೆನಪೂ ಉಳಿದಿದೆ ಅಲ್ವಾ? ನನಗೆ ಅಲ್ಲಿ ತುಂಬ ಇಷ್ಟವಾದ ಕಲ್ಲು ಅದು.

ಆ ಕೋಟೆ ಅಷ್ಟು ಬೆಳ್ಳಗೆ ಇರಲು ಕಾರಣವೇನು? ಬಣ್ಣ ಬಳಿಯುತ್ತಾರಾ?
*— ಸಿವಿಲ್ ಡಿಪ್ಲೊಮಾ ವಿದ್ಯಾರ್ಥಿನಿ, ಹುಬ್ಬಳ್ಳಿ*

ಬಣ್ಣ ಅಲ್ಲ, ಸುಣ್ಣದ ಗಾರೆ. ಜಪಾನಿನಲ್ಲಿ ಅದಕ್ಕೆ ಶಿಕ್ಕುಯಿ ಅನ್ನುತ್ತಾರೆ. ನಿಮ್ಮ ಪ್ರಶ್ನೆ ಓದಿ ನನಗೆ ಖುಷಿಯಾಯಿತು. ಎಷ್ಟೋ ಜನ ಬಿಳಿ ಕೊಕ್ಕರೆಯ ಹಾಗಿದೆ ಎಂದು ಮೆಚ್ಚಿ ಮುಂದೆ ಹೋಗುತ್ತಾರೆ, ಯಾಕೆ ಬಿಳಿ ಎಂದು ಕೇಳುವವರು ಕಡಿಮೆ.

ಗೋಡೆಯ ಒಳಗೆ ಬಿದಿರಿನ ಹಂದರ. ಅದರ ಮೇಲೆ ಹುಲ್ಲು ಕಲಸಿದ ಮಣ್ಣು, ಒಂದರ ಮೇಲೊಂದು ಪದರ. ಪ್ರತಿ ಪದರ ಒಣಗುವ ತನಕ ಕಾಯಬೇಕು. ಕೊನೆಗೆ ಸುಣ್ಣದ ಗಾರೆ. ಸುಣ್ಣಕ್ಕೆ ಸೆಣಬಿನಂಥ ನಾರು ಸೇರಿಸುತ್ತಾರೆ, ಬಿರುಕು ಬಿಡದಿರಲಿ ಎಂದು. ಸಮುದ್ರದ ಪಾಚಿಯನ್ನು ಕುದಿಸಿ ತೆಗೆದ ಅಂಟು ಹಾಕುತ್ತಾರೆ, ನೀರು ಬೇಗ ಆರಿಹೋಗದಿರಲಿ ಎಂದು. ನಮ್ಮ ಕಡೆ ಹಳೆಯ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ಕಷಾಯ ಹಾಕುತ್ತಿದ್ದರಲ್ಲ, ಆ ಜಾಗದಲ್ಲಿ ಅವರಿಗೆ ಕಡಲ ಪಾಚಿ.

ಗೋಡೆಯಷ್ಟೇ ಬಿಳಿ ಮಾಡಿದ್ದರೆ ಕೋಟೆ ಇಷ್ಟು ಬೆಳ್ಳಗೆ ಕಾಣುತ್ತಿರಲಿಲ್ಲ. ಹೆಂಚುಗಳು ಬೂದು ಬಣ್ಣದವು. ಆದರೆ ಹೆಂಚಿನಿಂದ ಹೆಂಚಿಗೆ ಕೂಡುವ ಸಂದುಗಳಿಗೂ ಗಾರೆ ಮೆತ್ತಿದ್ದಾರೆ. ದೂರದಿಂದ ಛಾವಣಿಯೂ ಬಿಳಿಯಾಗಿ ಕಾಣುವುದು ಅದರಿಂದ. ಗಾಳಿಗೆ ಹೆಂಚು ಏಳುವುದಿಲ್ಲ, ಮಳೆ ಒಳಗೆ ಇಳಿಯುವುದಿಲ್ಲ. ಸೂರಿನ ಅಡಿಯ ಮರಕ್ಕೂ ಗಾರೆ ಹೊದಿಸಿದ್ದಾರೆ, ಬೆಂಕಿ ಹತ್ತದಿರಲಿ ಎಂದು. ಬಂದೂಕು, ಬೆಂಕಿಯ ಬಾಣಗಳ ಕಾಲ ಅದು. ಬಿಳುಪು ಇಲ್ಲಿ ಮೊದಲಿಗೆ ರಕ್ಷಣೆ.

ಈ ಗಾರೆ ಶಾಶ್ವತವಲ್ಲ. ಮಳೆಗೆ, ಬೂಷ್ಟಿಗೆ ಕಪ್ಪಾಗುತ್ತದೆ, ಅಲ್ಲಲ್ಲಿ ಉದುರುತ್ತದೆ. 1956ರಿಂದ 1964ರವರೆಗೆ ದೊಡ್ಡ ಗೋಪುರವನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದರು. ಕಟ್ಟಡದ ಭಾರಕ್ಕೆ ತಳದ ಕಲ್ಲುಗಳು ಕುಸಿದು ಗೋಪುರ ಓರೆಯಾಗಿತ್ತು. ಆಗ ಅಡಿಪಾಯವನ್ನು ಕಾಂಕ್ರೀಟಿನಲ್ಲಿ ಹೊಸದಾಗಿ ಮಾಡಿದರು. ತೆಗೆದ ಹಳೆಯ ಕಲ್ಲುಗಳನ್ನು ಕೆಳಗಿನ ಸನ್ನೊಮಾರು ಬಯಲಿನ ಉತ್ತರಕ್ಕೆ, ಮೊದಲಿದ್ದ ಕ್ರಮದಲ್ಲೇ ಇಟ್ಟಿದ್ದಾರೆ. ಬಹಳ ಜನ ನೋಡದೆ ದಾಟಿಹೋಗುತ್ತಾರೆ, ನೀವು ಬಿಡಬೇಡಿ. ಇಡೀ ಗೋಪುರವನ್ನು ಎರಡು ಮಹಾಕಂಬಗಳು ಹೊತ್ತಿವೆ, ಒಂದೊಂದೂ 24 ಮೀಟರಿಗಿಂತ ಉದ್ದ. ಪಶ್ಚಿಮದ ಕಂಬ ಹಾಳಾಗಿತ್ತು. ಅದರ ಬದಲಿಗೆ ಎರಡು ಹಿನೊಕಿ ಮರಗಳನ್ನು ಮೂರನೇ ಮಹಡಿಯ ಮಟ್ಟದಲ್ಲಿ ಜೋಡಿಸಿ ನಿಲ್ಲಿಸಿದರು. ಒಳಗೆ ಹೋದಾಗ ಆ ಕಂಬಗಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ.

ಮತ್ತೆ 2009ರಿಂದ 2015ರವರೆಗೆ ಗಾರೆ ಮತ್ತು ಹೆಂಚಿನ ಕೆಲಸ ನಡೆಯಿತು. ದೊಡ್ಡ ಗೋಪುರದ ಸುಮಾರು 75 ಸಾವಿರ ಹೆಂಚುಗಳನ್ನು ಒಂದೊಂದಾಗಿ ತೆಗೆದು ಪರೀಕ್ಷಿಸಿದರು. ಕೆಲಸ ನಡೆಯುವಾಗ ಗೋಪುರಕ್ಕೆ ದೊಡ್ಡ ಮುಚ್ಚಿಗೆ ಹಾಕಿದ್ದರು. ಆದರೂ ಜನರನ್ನು ದೂರ ಇಡಲಿಲ್ಲ. ಲಿಫ್ಟಿನಲ್ಲಿ ಮೇಲೆ ಕರೆದೊಯ್ದು, ಗಾಜಿನ ಆಚೆ ಗಾರೆಯವರು ಕೆಲಸ ಮಾಡುವುದನ್ನು ತೋರಿಸಿದರು. ದುರಸ್ತಿಯೂ ನೋಡುವಂಥದ್ದೇ ಎಂದು ಒಂದು ಊರು ತೀರ್ಮಾನಿಸಿದ್ದು ನನಗೆ ಬಹಳ ದೊಡ್ಡ ವಿಷಯ. ನಮ್ಮಲ್ಲೂ ಹಳೆಯ ದೇವಸ್ಥಾನ, ಅರಮನೆಗಳ ದುರಸ್ತಿ ನಡೆಯುವಾಗ ಹೀಗೆ ತೋರಿಸಿದರೆ ನಿಮ್ಮಂಥ ವಿದ್ಯಾರ್ಥಿಗಳಿಗೆ ಎಷ್ಟು ಉಪಯೋಗ! ಹಳೆಯ ಸುಣ್ಣದ ಗಾರೆಯ ಮೇಲೆ ಸಿಮೆಂಟ್ ಬಳಿಯುವ ಕೆಲಸವೂ ಆಗ ಕಡಿಮೆಯಾಗುತ್ತದೆ.

ಈ ಕೋಟೆಯಲ್ಲಿ ಎಷ್ಟು ಯುದ್ಧ ಆಗಿದೆ?
*— 8ನೇ ತರಗತಿ ವಿದ್ಯಾರ್ಥಿ, ಬಾಗಲಕೋಟೆ*

ಪುಟ್ಟಾ, ಈಗಿರುವ ಕೋಟೆ ಕಟ್ಟಿದ ಮೇಲೆ ಒಂದೂ ದೊಡ್ಡ ಯುದ್ಧ ಆಗಲಿಲ್ಲ. ಅಷ್ಟೊಂದು ಕಂಡಿ, ಕಲ್ಲು ಬೀಳಿಸುವ ಕಿಂಡಿ, ತಿರುವು ದಾರಿ, ಯಾವುದನ್ನೂ ನಿಜವಾಗಿ ಬಳಸುವ ಸಂದರ್ಭ ಬರಲಿಲ್ಲ. ನೆಲಮಾಳಿಗೆಯಲ್ಲಿ ಮುತ್ತಿಗೆಯ ಕಾಲಕ್ಕೆಂದು ಮಾಡಿದ ಶೌಚಾಲಯಗಳಿವೆ. ಅವನ್ನೂ ಯಾರೂ ಬಳಸಿಲ್ಲ. 1868ರಲ್ಲಿ ಹಳೆಯ ಆಡಳಿತ ಬಿದ್ದುಹೋಗುವ ಹೊತ್ತಿಗೆ ಓಕಾಯಾಮಾದ ಸೇನೆ ಬಂದು ಕೋಟೆಯನ್ನು ಸುತ್ತುವರಿಯಿತು. ಆ ಸೇನೆಯ ನಾಯಕ ಇಕೆದಾ ಮನೆತನದವನೇ! ಕೋಟೆಯವರು ಹೋರಾಡದೆ ಒಪ್ಪಿಸಿದರು.

ಯುದ್ಧಕ್ಕಿಂತ ದೊಡ್ಡ ಅಪಾಯ ಆಮೇಲೆ ಬಂತು. ಆಡಳಿತ ಬದಲಾದ ಮೇಲೆ ಕೋಟೆಗಳು ಯಾರಿಗೂ ಬೇಡವಾದವು. ಊರೂರಲ್ಲಿ ಕೆಡವಿದರು. ಹಿಮೆಜಿಯನ್ನು 23 ಯೆನ್ ಚಿಲ್ಲರೆಗೆ ಹರಾಜಿನಲ್ಲಿ ಒಬ್ಬರು ಕೊಂಡರು, ಕೆಡವುವ ಖರ್ಚೇ ಜಾಸ್ತಿ ಎಂದು ಕೈಬಿಟ್ಟರು ಎಂದು ಹೇಳುತ್ತಾರೆ. ಸೇನೆಯ ಅಧಿಕಾರಿ ನಕಮುರಾ ಶಿಗೆತೊ 1878ರಲ್ಲಿ ಇದನ್ನು ಉಳಿಸಿ ಎಂದು ಸರ್ಕಾರಕ್ಕೆ ಮನವಿ ಬರೆದರು. ಹಿಶಿ ದ್ವಾರದ ಒಳಗೆ ಅವರ ನೆನಪಿನ ಕಲ್ಲು ಇದೆ.

1945ರ ಜುಲೈ 3ರ ರಾತ್ರಿ ಅಮೆರಿಕದ ವಿಮಾನಗಳು ಹಿಮೆಜಿಯ ಮೇಲೆ ಬೆಂಕಿ ಬಾಂಬು ಸುರಿಸಿದವು. ಊರಿನ ಬಹುಭಾಗ ಸುಟ್ಟುಹೋಯಿತು. ಬಿಳಿ ಗೋಡೆ ಕಾಣದಿರಲಿ ಎಂದು ಕೋಟೆಗೆ ಮೊದಲೇ ಕಪ್ಪು ಬಲೆ ಹೊದಿಸಿದ್ದರು. ಗೋಪುರದ ಮೇಲಿನ ಮಹಡಿಗೂ ಒಂದು ಬಾಂಬು ಬಿತ್ತು, ಆದರೆ ಸಿಡಿಯಲಿಲ್ಲ. ಬೆಳಗಾದಾಗ ಮನೆ ಕಳೆದುಕೊಂಡ ಜನರಿಗೆ ಕೋಟೆ ನಿಂತಿರುವುದು ಕಂಡಿತು. ಈ ಊರಿನವರಿಗೆ ಕೋಟೆಯ ಮೇಲೆ ಯಾಕೆ ಅಷ್ಟು ಅಭಿಮಾನ ಅಂತ ನಿನಗೆ ಈಗ ಅರ್ಥವಾಗಬಹುದು.

ಅಮ್ಮನಿಗೆ ಮಂಡಿನೋವು. ಗೋಪುರ ಹತ್ತಲು ಆಗುತ್ತದೆಯೇ?
*— ಬ್ಯಾಂಕ್ ಉದ್ಯೋಗಿ, ಮೈಸೂರು*

ಹತ್ತಿಸಬೇಡಿ. ಲಿಫ್ಟ್ ಇಲ್ಲ. ಬಾಗಿಲಲ್ಲೇ ಚಪ್ಪಲಿ ಬಿಚ್ಚಿ, ಚೀಲದಲ್ಲಿ ಹಾಕಿ ಕೈಯಲ್ಲೇ ಹಿಡಿದುಕೊಳ್ಳಬೇಕು. ಮರದ ಮೆಟ್ಟಿಲು ಅಟ್ಟದ ಏಣಿಯಷ್ಟು ಕಡಿದು, ಕಾಲುಚೀಲ ಹಾಕಿದ್ದರೆ ಜಾರುತ್ತದೆ. ರಜೆಯ ದಿನಗಳಲ್ಲಿ ಹಿಂದೆ ಮುಂದೆ ಜನ ಇರುವುದರಿಂದ ನಡುವೆ ವಾಪಸ್ ತಿರುಗುವುದೂ ಕಷ್ಟ. ಮೇಲಿನ ಮಹಡಿಗಳಲ್ಲಿ ಪೀಠೋಪಕರಣ, ಅಲಂಕಾರ ಏನೂ ಇಲ್ಲ. ದೊರೆಗಳು ಗೋಪುರದಲ್ಲಿ ವಾಸ ಮಾಡುತ್ತಿರಲಿಲ್ಲ, ಅವರ ಮನೆ ಕೆಳಗಿತ್ತು. ಆಯುಧ ನೇತುಹಾಕುವ ಗೂಟಗಳು, ದೊಡ್ಡ ತೊಲೆಗಳು, ತುದಿಯಲ್ಲಿ ಒಸಕಾಬೆ ಎಂಬ ಪುಟ್ಟ ಗುಡಿ ಇವೆ. ಅಮ್ಮ ಅವನ್ನು ನಿಮ್ಮ ಫೋಟೊದಲ್ಲಿ ನೋಡಲಿ.

ಅಮ್ಮನನ್ನು ಕೆಳಗಿನ ಸನ್ನೊಮಾರು ಬಯಲಿಗೆ ಕರೆದುಕೊಂಡು ಹೋಗಿ. ಸಮತಟ್ಟು, ಹುಲ್ಲುಹಾಸು, ಟಿಕೆಟ್ ಬೇಡ. ಗೋಪುರದ ಪೂರ್ತಿ ನೋಟ ಸಿಗುವುದು ಅಲ್ಲಿಂದಲೇ. ಆಮೇಲೆ ಪಕ್ಕದ ಕೊಕೊ-ಎನ್ ತೋಟ. ಹಿಂದೆ ಸಮುರಾಯ್‌ಗಳ ಮನೆಗಳಿದ್ದ ಜಾಗದಲ್ಲಿ 1992ರಲ್ಲಿ ಮಾಡಿದ ಒಂಬತ್ತು ತೋಟಗಳ ಗುಂಪು ಅದು. ಒಂದರಿಂದ ಒಂದಕ್ಕೆ ಗೋಡೆ ದಾಟಿ ಹೋಗುತ್ತೀರಿ. ಒಂದರಲ್ಲಿ ಕೊಳ, ಬಣ್ಣದ ಮೀನು. ಇನ್ನೊಂದರಲ್ಲಿ ಬಿದಿರು, ಮತ್ತೊಂದರಲ್ಲಿ ಪೈನ್ ಮರ. ಚಹಾ ಮನೆಯಲ್ಲಿ ಮಾಚಾ ಕುಡಿಯಬಹುದು. ನೀವು ಗೋಪುರ ಹತ್ತಿ ಬರುವ ತನಕ ಅಮ್ಮ ಅಲ್ಲಿ ಬೇಸರವಿಲ್ಲದೆ ಕೂರುತ್ತಾರೆ.

ಅಮ್ಮ ಸ್ವಲ್ಪ ನಡೆಯಬಲ್ಲರು ಅಂತಾದರೆ ಟಿಕೆಟ್ ತೆಗೆದು ನಿಶಿನೊಮಾರು ಅಂಗಳದವರೆಗೆ ನಿಧಾನವಾಗಿ ಹೋಗಿ. ಗೋಪುರ ಪಶ್ಚಿಮದಿಂದ ಚೆನ್ನಾಗಿ ಕಾಣುತ್ತದೆ. ಅಲ್ಲಿನ ಉದ್ದನೆಯ ಮೊಗಸಾಲೆಗೆ ಸೆನ್‌ಹಿಮೆಯ ಕಥೆ ಅಂಟಿಕೊಂಡಿದೆ. ಅವಳು ಇಯೆಯಾಸುವಿನ ಮೊಮ್ಮಗಳು. 1615ರಲ್ಲಿ ಅಜ್ಜನ ಸೇನೆಯೇ ಒಸಾಕಾ ಕೋಟೆಯನ್ನು ಉರುಳಿಸಿತು, ಅವಳ ಗಂಡ ಅಲ್ಲಿ ಸತ್ತ. ಮರುವರ್ಷ ಹೊಂಡಾ ತದಾತೊಕಿಯ ಜೊತೆ ಮದುವೆಯಾಗಿ, 1617ರಲ್ಲಿ ಹಿಮೆಜಿಗೆ ಬಂದಳು. 1626ರಲ್ಲಿ ಅವನೂ ತೀರಿಕೊಂಡ. ಅವಳು ಎದೊಗೆ, ಅಂದರೆ ಇಂದಿನ ಟೋಕಿಯೊಗೆ, ಹೊರಟುಹೋದಳು. ಅವಳು ವಿಶ್ರಮಿಸುತ್ತಿದ್ದಳು ಎನ್ನುವ ಕೋಣೆ ಆ ಮೊಗಸಾಲೆಯ ಕೊನೆಯಲ್ಲಿದೆ.

ಕೋಟೆಯ ಬಾವಿಯಲ್ಲಿ ದೆವ್ವ ಇದೆಯಂತೆ, ನಿಜವೇ?
*— ಓದುಗರು, ಕುಂದಾಪುರ*

ಒಕಿಕು ಎಂಬ ಕೆಲಸದ ಹುಡುಗಿಯ ಕಥೆ ಅದು. ಅವಳ ಮೇಲೆ ಹತ್ತು ತಟ್ಟೆಗಳಲ್ಲಿ ಒಂದನ್ನು ಕಳೆದ ಸುಳ್ಳು ಆರೋಪ ಹೊರಿಸಿ, ಕೊಂದು ಬಾವಿಗೆ ಎಸೆದರು. ರಾತ್ರಿ ಬಾವಿಯೊಳಗಿಂದ ತಟ್ಟೆ ಎಣಿಸುವ ದನಿ ಕೇಳುತ್ತಿತ್ತಂತೆ, ಒಂಬತ್ತರವರೆಗೆ. ಜಪಾನಿನ ಬೇರೆ ಊರುಗಳಲ್ಲೂ ಇದೇ ಕಥೆ ಇದೆ. ಬಾವಿ ಹಿಂತಿರುಗುವ ದಾರಿಯಲ್ಲಿ ಸಿಗುತ್ತದೆ, ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಅನ್ಯಾಯವಾಗಿ ಸತ್ತ ಬಡ ಹುಡುಗಿಯನ್ನು ಜನ ಮರೆಯಲು ಒಪ್ಪಲಿಲ್ಲ ಎಂದೇ ನಾನು ಆ ಕಥೆಯನ್ನು ಓದುತ್ತೇನೆ.

ನಾವು ಶುದ್ಧ ಸಸ್ಯಾಹಾರಿಗಳು. ಅಲ್ಲಿ ಊಟಕ್ಕೆ ಏನು ಮಾಡುವುದು?
*— ದಂಪತಿ, ದಾವಣಗೆರೆ*

ಮೊದಲು ಒಂದು ಎಚ್ಚರಿಕೆ. ತರಕಾರಿ ಮಾತ್ರ ಕಾಣುವ ಸಾರಿನಲ್ಲೂ ಸಾಮಾನ್ಯವಾಗಿ ಮೀನಿನ ರಸ ಇರುತ್ತದೆ. ಅದಕ್ಕೆ ದಾಶಿ ಅನ್ನುತ್ತಾರೆ. ಉದೊನ್, ಸೋಬಾ ಎಂಬ ನೂಡಲ್ಸ್, ಮಿಸೊ ಸೂಪ್ ಎಲ್ಲದರಲ್ಲೂ ಅದೇ. ಸಾರಿನಲ್ಲಿ ಬೇಯಿಸಿ ಶುಂಠಿ-ಸೋಯಾ ಜೊತೆ ತಿನ್ನುವ, ಹಿಮೆಜಿಯ ಹೆಸರಾಂತ ಓಡೆನ್‌ನಲ್ಲೂ ಮೀನಿನ ಪದಾರ್ಥ ಇದೆ. ಊರಿನ ಸಿಹಿ 'ತಮಾತ್ಸುಬಾಕಿ'ಯ ಹೂರಣಕ್ಕೆ ಮೊಟ್ಟೆಯ ಹಳದಿ ಹಾಕುತ್ತಾರೆ.

ಬೆಳಗಿನ ತಿಂಡಿಗೆ ಈ ಊರಿನ ಕಾಫಿ ಅಂಗಡಿಗಳಲ್ಲಿ ಆಲ್ಮಂಡ್ ಟೋಸ್ಟ್ ಸಿಗುತ್ತದೆ. ದಪ್ಪ ಬ್ರೆಡ್ಡಿಗೆ ಬಾದಾಮಿ ಬೆಣ್ಣೆ ಬಳಿದು ಸುಟ್ಟದ್ದು. ಬ್ರೆಡ್ಡಿನಲ್ಲಿ ಮೊಟ್ಟೆ ಇದೆಯೇ ಎಂದು ಮಾತ್ರ ಕೇಳಿಕೊಳ್ಳಿ. ಮಧ್ಯಾಹ್ನಕ್ಕೆ ಕಟ್ಟಿಕೊಂಡು ಹೋದ ಚಪಾತಿ, ಚಟ್ನಿಪುಡಿ ಒಳ್ಳೆಯದು. ಸನ್ನೊಮಾರು ಬಯಲಿನಲ್ಲಿ ಕೂತು ತಿನ್ನುವವರು ಬೇಕಾದಷ್ಟು ಜನ ಇರುತ್ತಾರೆ. ಕಸವನ್ನು ಚೀಲದಲ್ಲಿ ವಾಪಸ್ ತನ್ನಿ. ಊರಿನಿಂದ ಬರುವಾಗ ತಾಜಾ ಹಣ್ಣು, ಹಸಿ ಕರಿಬೇವು ತರಬೇಡಿ, ವಿಮಾನ ನಿಲ್ದಾಣದಲ್ಲೇ ತೆಗೆದುಕೊಳ್ಳುತ್ತಾರೆ. ರಾತ್ರಿಗೆ ಕೋಬೆಗೆ ಬಂದುಬಿಡಿ. ಇಲ್ಲಿ ಭಾರತೀಯರು ಹಿಂದಿನಿಂದಲೂ ಇದ್ದಾರೆ, ಕಿತಾನೊ ಬಡಾವಣೆಯಲ್ಲಿ 1985ರಲ್ಲಿ ಕಟ್ಟಿದ ಜೈನ ಬಸದಿಯೂ ಇದೆ. ಸಸ್ಯಾಹಾರಿ ಊಟ ಹುಡುಕುವುದು ಕಷ್ಟವಾಗುವುದಿಲ್ಲ.

ಟಿಕೆಟ್ ದರ ತುಂಬಾ ಏರಿಸಿದ್ದಾರಂತೆ? ಹೋಗಲು ಒಳ್ಳೆಯ ಕಾಲ ಯಾವುದು?
*— ವ್ಯಾಪಾರಿ, ಶಿರಸಿ*

ಹೌದು. ಮೊದಲು ಎಲ್ಲ ವಯಸ್ಕರಿಗೂ 1,000 ಯೆನ್ ಇತ್ತು. 2026ರ ಮಾರ್ಚ್‌ನಿಂದ ಹೊರಗಿನವರಿಗೆ 2,500 ಯೆನ್, ಹಿಮೆಜಿ ಊರಿನವರಿಗೆ ಹಳೆಯ ದರ. 18 ತುಂಬದವರಿಗೆ ಉಚಿತ. ನನಗೆ ಇದು ಸರಿ ಅನಿಸುತ್ತದೆ. ಮೇಲೆ ಬರೆದ ಗಾರೆ, ಹೆಂಚು, ಮರದ ಕೆಲಸ ಸುಮ್ನೆ ಆಗುವುದಿಲ್ಲ. ಆ ಕೆಲಸ ಬಲ್ಲವರನ್ನು ಉಳಿಸಿಕೊಳ್ಳಲೂ ದುಡ್ಡು ಬೇಕು.

ಏಪ್ರಿಲ್ ಮೊದಲ ವಾರ ಚೆರಿ ಹೂವಿನ ಕಾಲ. ಚಂದವೇನೋ ಹೌದು, ಜನವೂ ಅಷ್ಟೇ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ರಜೆಯ ಸಾಲು ಬೇಡವೇ ಬೇಡ. ನನ್ನ ಆಯ್ಕೆ ನವೆಂಬರ್ ಅಥವಾ ಫೆಬ್ರವರಿಯ ವಾರದ ದಿನ, ಬೆಳಿಗ್ಗೆ 9ಕ್ಕೆ ಬಾಗಿಲು ತೆರೆಯುವ ಹೊತ್ತಿಗೆ. ಚಳಿಗಾಲದಲ್ಲಿ ಮರದ ನೆಲ ಕೊರೆಯುತ್ತದೆ, ದಪ್ಪ ಕಾಲುಚೀಲ ಇರಲಿ, ಮೆಟ್ಟಿಲಲ್ಲಿ ಕೈಹಿಡಿ ಬಿಡಬೇಡಿ. ಡಿಸೆಂಬರ್ 29, 30 ರಜೆ.

ಒಂದು ದಿನ ಉಳಿಯುತ್ತೇವೆ. ಕೋಟೆ ಬಿಟ್ಟು ಇನ್ನೇನು ನೋಡಬಹುದು?
*— ಸ್ನೇಹಿತೆಯರ ಗುಂಪು, ಮಂಗಳೂರು*

ಶೊಶಾ ಬೆಟ್ಟಕ್ಕೆ ಹೋಗಿ. ನಿಲ್ದಾಣದಿಂದ ಬಸ್ಸಿನಲ್ಲಿ ಸುಮಾರು ಅರ್ಧ ಗಂಟೆ, ಆಮೇಲೆ ರೋಪ್‌ವೇ. ಮೇಲೆ 966ರಲ್ಲಿ ಶೊಕು ಎಂಬ ಬೌದ್ಧ ಗುರು ಸ್ಥಾಪಿಸಿದ ಎಂಗ್ಯೊಜಿ ಮಠ. ದೊಡ್ಡ ದೊಡ್ಡ ಮರಗಳ ನಡುವೆ ನಡೆಯುತ್ತಾ ಹೋದರೆ ಬೆಟ್ಟದ ಇಳಿಜಾರಿನಲ್ಲಿ ಮರದ ಕಂಬಗಳ ಮೇಲೆ ನಿಂತ ಮಣಿ-ದೆನ್ ಎಂಬ ಮಂದಿರ ಸಿಗುತ್ತದೆ. ಇನ್ನೂ ಒಳಗೆ ಹೋದರೆ ಮೂರು ದೊಡ್ಡ ಮರದ ಮಂದಿರಗಳು ಒಂದು ಅಂಗಳವನ್ನು ಬಳಸಿ ನಿಂತಿವೆ. ಅಲ್ಲಿ ಬಣ್ಣ ಇಲ್ಲ, ಗಾರೆಯ ಬಿಳುಪು ಇಲ್ಲ, ಬರೀ ಹಳೆಯ ಮರ. ಮೊದಲೇ ಕಾಯ್ದಿರಿಸಿದರೆ ಮಠದಲ್ಲಿ ಸನ್ಯಾಸಿಗಳ ಸಸ್ಯಾಹಾರದ ಊಟವೂ ಸಿಗುತ್ತದೆ. ಅದು ವರ್ಷದ ಎಲ್ಲ ತಿಂಗಳಲ್ಲಿ ಇರುವುದಿಲ್ಲ, ವಿಚಾರಿಸಿಕೊಳ್ಳಿ.

ಸಂಜೆಗೆ ಕೋಟೆಯ ಪೂರ್ವಕ್ಕಿರುವ ನಗರ ಕಲಾ ಸಂಗ್ರಹಾಲಯದ ಅಂಗಳಕ್ಕೆ ಬನ್ನಿ. ಕೆಂಪು ಇಟ್ಟಿಗೆಯ ಆ ಕಟ್ಟಡ ಹಿಂದೆ ಸೇನೆಯ ಉಗ್ರಾಣವಾಗಿತ್ತು, ನಡುವೆ ನಗರಸಭೆಯ ಕಚೇರಿಯೂ ಆಗಿತ್ತು. ಕೆಂಪು ಇಟ್ಟಿಗೆಯ ಹಿಂದೆ ಬಿಳಿ ಗೋಪುರ ಏಳುವ ಫೋಟೊ ಬೇಕಿದ್ದರೆ ಅದೇ ಜಾಗ. ನಿಲ್ದಾಣಕ್ಕೆ ವಾಪಸ್ ಬರುವಾಗ ದೊಡ್ಡ ರಸ್ತೆ ಬಿಟ್ಟು, ಅದಕ್ಕೆ ಸಮಾನಾಂತರವಾಗಿರುವ ಮಿಯುಕಿ-ದೋರಿ ಅಂಗಡಿ ಬೀದಿಯಲ್ಲಿ ನಡೆಯಿರಿ. ಮೇಲೆ ಚಾವಣಿ ಇರುವುದರಿಂದ ಮಳೆ ಬಂದರೂ ತೊಂದರೆ ಇಲ್ಲ.